ಕರೆಂಟ್ ತೆಗೆದ ಸಂಜೆ

ನಾವು ನಾಲ್ವರೂ ಮೊದಲು ಮದುವೆಗಳಲ್ಲಿ ಸಿನಿಮಾ ಹಾಡು ಹಾಡುತ್ತಿದ್ದವರೇ. ಎಪ್ಪತ್ತರ ದಶಕದ ಬಳ್ಳಾರಿಯಲ್ಲಿ ಆರ್ಕೆಸ್ಟ್ರಾ ಅಂದರೆ ಅಷ್ಟೇ ಇತ್ತು. ಶಾಮಿಯಾನದ ಒಂದು ಮೂಲೆಯಲ್ಲಿ ಮೈಕ್ ಇಟ್ಟುಕೊಂಡು ಒಂದಿಷ್ಟು ಕನ್ನಡ, ಅದಕ್ಕಿಂತ ಹೆಚ್ಚು ತೆಲುಗು, ಬೀಗರು ಸ್ಥಿತಿವಂತರಾಗಿದ್ದರೆ ಹಿಂದಿ. ನಾವು ಹಾಡುವಾಗ ಯಾರೂ ಕೇಳುತ್ತಿರಲಿಲ್ಲ. ಹೆಂಗಸರು ಸೀರೆ ನೋಡುತ್ತಿದ್ದರು, ಗಂಡಸರು ಊಟದ ಪಂಕ್ತಿ ಎದ್ದಿತೇ ಅಂತ ಕತ್ತು ಚಾಚುತ್ತಿದ್ದರು. ಹಾಡು ನಿಂತಾಗ ಮಾತ್ರ "ಯಾಕ ನಿಲ್ಸಿದ್ರಿ?" ಅಂತ ಒಬ್ಬರು ಕೇಳುತ್ತಿದ್ದರು.

ಆರ್ಕೆಸ್ಟ್ರಾ ಪಾರ್ಟಿ ನಮ್ಮಣ್ಣನದು. ಗಾಂಧಿನಗರದಲ್ಲಿ ಅಪ್ಪನ ಅರಿವೆ ಅಂಗಡಿಯ ಪಕ್ಕದ ಸಂದಿಯಲ್ಲೇ ಅವನು ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ. ಗಿಟಾರನ್ನು ಮೊಣಕಾಲ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ತುಂಡು ಜಾರಿಸಿ ನುಡಿಸುತ್ತಿದ್ದ. ನಾನು ಹಾರ್ಮೋನಿಯಂ ಹಿಡಿದು ಹಾಡುತ್ತಿದ್ದೆ. ಅಣ್ಣ ಜೊತೆಗಿರುತ್ತಾನೆ ಅನ್ನುವ ಒಂದೇ ಕಾರಣಕ್ಕೆ ಅಪ್ಪ ಹೆಣ್ಣುಮಗಳನ್ನು ಹಾಡಲು ಬಿಟ್ಟಿದ್ದರು. ಕ್ಲಾರಿನೆಟ್ ಭಾಯ್‌ದು. ಮದುವೆ ಮೆರವಣಿಗೆಗಳ ಬ್ಯಾಂಡ್‌ಸೆಟ್ಟಿನಲ್ಲಿ ಕೆಂಪು ಕೋಟು ಹಾಕಿಕೊಂಡು ಊದುತ್ತಿದ್ದ ಮನುಷ್ಯ, ನಮ್ಮೆಲ್ಲರಿಗಿಂತ ದೊಡ್ಡವರು, ಮಾತು ಕಡಿಮೆ. ನಾಲ್ಕನೆಯವನು ಕೆಂಚನಗುಡ್ಡದವನು. ಸಿರುಗುಪ್ಪದ ಒಂದು ರೈಸ್ ಮಿಲ್ಲಿನಲ್ಲಿ ಫಿಟ್ಟರ್ ಆಗಿದ್ದ. ಅಣ್ಣ ಅವನನ್ನು ಫಿಟ್ಟರ್ ಅನ್ನುತ್ತಿದ್ದ, ನಾನು ಫಿಟ್ಟರಣ್ಣ ಅನ್ನುತ್ತಿದ್ದೆ. ಡೋಲಕ್ ಬಾರಿಸುತ್ತಿದ್ದ. ಅವನ ತಾಯಿ ಆದೋನಿ ಕಡೆಯವಳು, ಹೀಗಾಗಿ ಮನೆಯಲ್ಲಿ ತೆಲುಗು, ಹೊರಗೆ ಕನ್ನಡ, ಸಿಟ್ಟು ಬಂದರೆ ಎರಡೂ.

ನಮ್ಮದೇ ಹಾಡು ಕಟ್ಟಬೇಕು ಅನ್ನುವ ಹುಚ್ಚು ಹತ್ತಿಸಿದವನು ಅವನೇ.

ಸುಗ್ಗಿ ಮುಗಿದು ಮಿಲ್ಲು ನಿಂತ ದಿನಗಳಲ್ಲಿ ಅದರ ಗೋದಾಮು ಖಾಲಿ ಇರುತ್ತಿತ್ತು. ಭಾನುವಾರ ಅಲ್ಲಿಗೇ ಹೋಗಿ ಅಭ್ಯಾಸ ಮಾಡುತ್ತಿದ್ದೆವು. ತೌಡಿನ ವಾಸನೆ, ಮೇಲೆ ತಗಡು, ಎಂತಹ ಸೆಕೆ ಅಂದರೆ ಹಾರ್ಮೋನಿಯಂನ ಕೀಲಿಮಣೆ ಬೆರಳಿಗೆ ಅಂಟುತ್ತಿತ್ತು. ಒಂದು ಮಧ್ಯಾಹ್ನ ಹಳೆಯದೊಂದು ತೆಲುಗು ಹಾಡನ್ನು ನೂರನೆಯ ಸಲ ತಿಕ್ಕುತ್ತಿದ್ದಾಗ ಫಿಟ್ಟರಣ್ಣ ಡೋಲಕ್ ಪಕ್ಕಕ್ಕಿಟ್ಟ.

"ಸಾಕಾತೋ ಮಾರಾಯ. ಯಾವ ಊರಾಗೋ ಯಾರೋ ಹಾಡಿದ್ದನ್ನ ನಾವು ಎಷ್ಟು ದಿನಾಂತ ಒಪ್ಪಿಸೋದು? ನಮಗೇನೂ ಹೇಳಾಕ ಇಲ್ಲೇನು?"

"ನೀ ಹೇಳು ಹಂಗಾರ," ಅಂದ ಅಣ್ಣ, ಚುಚ್ಚುವ ಹಾಗೆ.

ಅವನು ಹೇಳಿಯೇಬಿಟ್ಟ. ಬಾಗಿಲ ಕಡೆ ನೋಡುತ್ತ, ಮಾತಾಡಿದ ಹಾಗೆಯೇ, ಅರ್ಧ ರಾಗದಲ್ಲಿ.

"ಬಿಸಲು ಬಂದು ಬಾಗಲಾಗ ನಿಂತೈತಿ,
ಚಪ್ಪಲಿ ಬಿಟ್ಟು ಒಳಗ ಬಾ ಅಂದೆ.
ಕುಡಿಯಾಕ ನೀರಿಲ್ಲ, ಕುಂದ್ರಾಕ ನೆರಳಿಲ್ಲ,
ನೀನಾರ ಜೊತಿಗಿರು ಅಂದೆ."

ಯಾರೂ ನಗಲಿಲ್ಲ. ಭಾಯ್ ಕ್ಲಾರಿನೆಟ್ ಎತ್ತಿಕೊಂಡು ಅವನು ಅಂದದ್ದನ್ನೇ ಊದಿದರು, ಆಮೇಲೆ ಅದಕ್ಕೊಂದು ಬಾಲ ಸೇರಿಸಿದರು. ಮದುವೆ ಮೆರವಣಿಗೆಯಲ್ಲಿ ಕುದುರೆಯ ಮುಂದೆ ಊದುವ ಆ ವಾದ್ಯದಲ್ಲಿ ಇಂಥ ಸಣ್ಣ ದನಿ ಇದೆ ಅಂತ ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಸಂಜೆಯ ಬಸ್ಸಿಗೆ ಓಡುವ ಹೊತ್ತಿಗೆ ಹಾಡು ನಾಲ್ವರ ಬಾಯಲ್ಲೂ ಇತ್ತು.

ಆಮೇಲೆ ನಿಲ್ಲಿಸಲು ಆಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಕಾಯುವ ಹೆಂಗಸಿನ ಮೇಲೆ ಒಂದು ಹಾಡು, ಉಳ್ಳಾಗಡ್ಡಿ ಚೀಲದ ಮೇಲೆ ಒಂದು, ಒಂದಕ್ಕೆ ಮಾತೇ ಇರಲಿಲ್ಲ, ಬರೀ ಊರುಗಳ ಹೆಸರು. ಫಿಟ್ಟರಣ್ಣ ಡೋಲಕ್ಕಿನ ಜೊತೆ ಮಿಲ್ಲಿನ ಹಳೆಯ ಕಬ್ಬಿಣದ ತಟ್ಟೆಗಳನ್ನು ಹಗ್ಗಕ್ಕೆ ತೂಗುಹಾಕಿ ಬಡಿಯುತ್ತಿದ್ದ. ಅಣ್ಣ ರಿಪೇರಿಗೆ ಬಂದು ಬಿದ್ದಿದ್ದ ಸ್ಪೂಲ್ ಟೇಪ್‌ರೆಕಾರ್ಡರ್ ಒಂದನ್ನು ಬಿಚ್ಚಿ ಏನೋ ಮಾಡಿದ. ನಾನು ಮೈಕಿನಲ್ಲಿ ಹಾಡಿದ್ದು ಟೇಪಿನ ಮೇಲೆ ಹೋಗಿ, ಒಂದು ಗಳಿಗೆ ತಡೆದು ಸ್ಪೀಕರಿನಲ್ಲಿ ಮತ್ತೆ ಬರುತ್ತಿತ್ತು. ಮೊದಲ ಸಲ ಕೇಳಿದಾಗ ನನಗೆ ಹೆದರಿಕೆಯಾಯಿತು. ನನ್ನ ಬೆನ್ನ ಹಿಂದೆ ನಾನೇ ನಿಂತು ಅಣಕಿಸಿದ ಹಾಗಿತ್ತು. ಸ್ವಲ್ಪ ದಿನಕ್ಕೆ ಅದರ ಜೊತೆ ಜಗಳವಾಡುತ್ತ ಹಾಡುವುದನ್ನು ಕಲಿತೆ. ಆ ದಿನಗಳಷ್ಟು ಸುಖವಾಗಿ ನಾನು ಮತ್ತೆ ಬದುಕಿಲ್ಲ.

ಜನರ ಮುಂದೆ ಮೊದಲು ನುಡಿಸಿದ್ದು ಕುರುಗೋಡಿನಲ್ಲಿ. ಅಲ್ಲಿನ ಯುವಕರ ಸಂಘದ ವಾರ್ಷಿಕೋತ್ಸವ, ಶಾಲೆಯ ಬಯಲು. ಸಿನಿಮಾ ಹಾಡುಗಳ ನಡುವೆ ನಮ್ಮವು ಎರಡನ್ನು ತೂರಿಸಿದೆವು. 'ಬಿಸಲು' ಮುಗಿದಾಗ ಚಪ್ಪಾಳೆ ಬರಲಿಲ್ಲ, ಗಲಾಟೆಯೂ ಆಗಲಿಲ್ಲ. ಮುಂದೆ ನೆಲದ ಮೇಲೆ ಕುಳಿತಿದ್ದ ಒಬ್ಬ ಮುದುಕಿ ಕೇಳಿದಳು.

"ಯಾವ ಪಿಚ್ಚರ್‌ದವ್ವಾ ಇದು?"

"ಯಾವ ಪಿಚ್ಚರ್‌ದೂ ಅಲ್ಲಮ್ಮ, ನಾವ ಕಟ್ಟಿದ್ದು."

"ನೀವ ಕಟ್ಟಿದ್ದಾ?" ಅವಳು ಅಕ್ಕಪಕ್ಕದವರ ಮುಖ ನೋಡಿದಳು. "ಹಂಗಾರ ಇನ್ನೊಂದ್ಸಲ ಹಾಡ್ರಿ, ಸರಿಯಾಗಿ ಕೇಳ್ತೀನಿ."

ಮತ್ತೆ ಹಾಡಿದೆವು. ಅಷ್ಟಕ್ಕೇ ನಾವು ಹಿಗ್ಗಿಹೋದೆವು. ವಾಪಸು ಬರುವಾಗ ಬಸ್ಸಿನ ಹಿಂದಿನ ಸೀಟಿನಲ್ಲಿ ಕುಳಿತು ಫಿಟ್ಟರಣ್ಣ, "ಬಳ್ಳಾರಿಯಾಗ ಒಂದು ಸಂಜಿ ಪೂರಾ ನಮ್ದ ಹಾಡೋಣು. ಒಂದೂ ಪಿಚ್ಚರ್ ಹಾಡು ಬ್ಯಾಡ," ಅಂದ. ಭಾಯ್ ನನ್ನ ಕಡೆ ತಿರುಗಿ, "ತುಮ್ಹಾರೀ ಮರ್ಜಿ ಏನವ್ವ?" ಅಂತ ಕೇಳಿದರು. ನನ್ನ ಅಭಿಪ್ರಾಯವನ್ನು ಆ ಪಾರ್ಟಿಯಲ್ಲಿ ಕೇಳುತ್ತಿದ್ದವರು ಅವರೊಬ್ಬರೇ. ಹೂಂ ಅಂದೆ.

ಬಳ್ಳಾರಿಯಲ್ಲಿ ಕಾರ್ಯಕ್ರಮಕ್ಕೆ ಹಾಲ್ ಸಿಗುವುದು ಸುಲಭವಿರಲಿಲ್ಲ. ಹತ್ತಿ ಜಿನ್ನಿಂಗ್ ಮಿಲ್ಲಿನ ಸಾಹುಕಾರರೊಬ್ಬರು ಸ್ವಂತ ಹಾಲ್ ಇದ್ದ ಒಂದು ಕಲಾ ಸಂಘಕ್ಕೆ ಅಧ್ಯಕ್ಷರಾಗಿದ್ದರು. ಅವರ ಮನೆಯ ರೇಡಿಯೋಗ್ರಾಮನ್ನು ರಿಪೇರಿ ಮಾಡುತ್ತಿದ್ದವನು ಅಣ್ಣ. ಆ ಸಲುಗೆಯಲ್ಲಿ ಕೇಳಿದ. ನಮ್ಮ ಹಾಡುಗಳೇ ಇರುತ್ತವೆ ಅಂತ ಬಿಡಿಸಿ ಹೇಳಿದ್ದೇನೆ ಅಂತಲೇ ನಮಗೆ ಹೇಳಿದ್ದ. ಅವರು, "ಏನಾರ ಮಾಡ್ರಪ, ಜನ ಬಂದ್ರ ಸಾಕು," ಅಂದರಂತೆ.

ಕಾರ್ಯಕ್ರಮದ ದಿನ ಮಧ್ಯಾಹ್ನ ಸಾಮಾನು ಹೊತ್ತು ಹಾಲಿನ ಹತ್ತಿರ ಹೋದಾಗ ಗೋಡೆಯ ಮೇಲೆ ವಾಲ್‌ಪೋಸ್ಟರ್ ಕಂಡಿತು. ಕೆಂಪು ಅಕ್ಷರದಲ್ಲಿ 'ಕನ್ನಡ, ತೆಲುಗು, ಹಿಂದಿ ಚಿತ್ರಗೀತೆಗಳ ಭರ್ಜರಿ ರಸಮಂಜರಿ' ಅಂತ ಬರೆದಿತ್ತು. ಫಿಟ್ಟರಣ್ಣ ಕಬ್ಬಿಣದ ತಟ್ಟೆಗಳ ಚೀಲವನ್ನು ಕೆಳಗಿಟ್ಟು ಎರಡು ಸಲ ಓದಿದ.

ಅಧ್ಯಕ್ಷರು ಒಳಗೆ ಕುರ್ಚಿ ಹಾಕಿಸುತ್ತಿದ್ದರು. ಅಣ್ಣ ಕೇಳಿದಾಗ ಅವರಿಗೆ ಆಶ್ಚರ್ಯವೇ ಆಯಿತು.

"ಮತ್ತೇನ್ ಬರಸ್ಬೇಕಿತ್ತೋ? ಗಿರಣ್ಯಾಗಿನ ಫಿಟ್ಟರ್ ಕಟ್ಟಿದ ಹಾಡು ಅಂತ ಬರಸಿದ್ರ ನಾಯಿ ಸೈತ ಬರಂಗಿಲ್ಲ. ಮೊದ್ಲು ಒಂದಿಷ್ಟು ಒಳ್ಳೇವು ಹಾಡ್ರಿ, ಆಮ್ಯಾಲ ನಿಮ್ದೂ ಒಂದು ಹಾಡ್ರಿ, ಯಾರ್ ಬ್ಯಾಡಂತಾರ?"

ಒಳ್ಳೆಯವು ಅಂದದ್ದು ನನ್ನ ಕಿವಿಯಲ್ಲಿ ಹಾಗೆಯೇ ಕುಳಿತಿತು.

"ಈಗೇನು ಮಾಡೋದು?" ಅಂದ ಅಣ್ಣ ಹೊರಗೆ ಬಂದು.

"ಮಾಡೋದೇನು, ಅಂದ್ಕೊಂಡದ್ದು ಮಾಡೋದು," ಅಂದ ಫಿಟ್ಟರಣ್ಣ.

ಹಾಲ್ ತುಂಬಿತ್ತು. ಮುಂದಿನ ಸಾಲುಗಳಲ್ಲಿ ಅಧ್ಯಕ್ಷರ ಬಳಗ, ವಕೀಲರು, ವ್ಯಾಪಾರಸ್ತರು, ಹಿಂದೆ ಎಲ್ಲ ತರದವರು. ಬಾಗಿಲ ಹತ್ತಿರ ಮಂಡಕ್ಕಿ ಒಗ್ಗರಣಿ, ಮಿರ್ಚಿ ಮಾರುವವರು ಒಳಕ್ಕೇ ಬಂದಿದ್ದರು. ಫ್ಯಾನು ತಿರುಗುತ್ತಿದ್ದರೂ ಬೆವರು ಇಳಿಯುತ್ತಿತ್ತು. 'ಬಿಸಲು' ಹಾಡಿನಿಂದಲೇ ಶುರು ಮಾಡಿದೆವು. ಜನ ಇದು ಮೈಕ್ ಟೆಸ್ಟಿಂಗ್ ಇರಬೇಕು ಅಂದುಕೊಂಡು ಮಾತಾಡುತ್ತ ಕುಳಿತಿದ್ದರು. ಎರಡನೆಯ ಹಾಡಿಗೆ ಚೀಟಿಗಳು ಬರತೊಡಗಿದವು. ತಮಗೆ ಬೇಕಾದ ಸಿನಿಮಾ ಹಾಡಿನ ಹೆಸರು ಬರೆದು ವೇದಿಕೆಗೆ ಕಳಿಸುವುದು ಆಗಿನ ಪದ್ಧತಿ. ಫಿಟ್ಟರಣ್ಣ ಅವನ್ನು ಓದದೆ ತೊಡೆಯ ಕೆಳಗೆ ಇಟ್ಟುಕೊಳ್ಳುತ್ತ ಹೋದ.

ಮೂರನೆಯದು ಆ ಟೇಪಿನ ಹಾಡು. ನನ್ನ ದನಿ ಹೋಗಿ ತಿರುಗಿ ಬಂದ ಕೂಡಲೇ ಹಿಂದಿನಿಂದ ಒಬ್ಬ ಅದನ್ನು ಅಣಕಿಸಿದ. ಇನ್ನೊಬ್ಬ ಅವನನ್ನು ಅಣಕಿಸಿದ. ಸ್ವಲ್ಪ ಹೊತ್ತಿಗೆ ಇಡೀ ಹಾಲೇ ನನ್ನ ಒಂದೊಂದು ಸಾಲನ್ನೂ ತಿರುಗಿ ನನ್ನ ಮೇಲೇ ಎಸೆಯುತ್ತಿತ್ತು. "ಆಪಮ್ಮಾ ತಲ್ಲೀ!" ಅಂತ ಒಬ್ಬ ತೆಲುಗಿನಲ್ಲಿ ನಿಲ್ಲಿಸು ಅಂದ. "ಸಿನಿಮಾ ಪಾಟ ಪಾಡು!" "ಏ ಯವ್ವಾ, ಬಾವ್ಯಾಗ ಬಿದ್ದೀಯೇನು?" ಸಿಳ್ಳೆ, ಕಾಲಲ್ಲಿ ನೆಲ ಗುದ್ದುವುದು. ಶೇಂಗಾ ಸಿಪ್ಪೆಗಳು ಬಂದು ನನ್ನ ಸೆರಗಿನ ಮೇಲೆ ಬಿದ್ದವು. ಮುಂದಿನ ಸಾಲಿನವರು ಹಿಂದಕ್ಕೆ ತಿರುಗಿ ಗದರಿಸಲಿಲ್ಲ, ಅವರೂ ನಗುತ್ತಿದ್ದರು. ನನಗೆ ಕಲಿಸಿದ ಕಾಲೇಜಿನ ಮೇಷ್ಟರೊಬ್ಬರು ಬಾಯಿಗೆ ಕರವಸ್ತ್ರ ಹಿಡಿದುಕೊಂಡು ನಗುತ್ತಿದ್ದುದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಹಾಡು ಮುಗಿಸಿದೆ. ಹೇಗೆ ಮುಗಿಸಿದೆನೋ. ಅಧ್ಯಕ್ಷರು ಪರದೆಯ ಸಂದಿಯಿಂದ ಬಗ್ಗಿ, "ತಂಗಿ, ಒಂದೇ ಒಂದು ಪಿಚ್ಚರ್ ಹಾಡು ಹಾಡ್ಬಿಡವ್ವ, ಮರ್ಯಾದಿ ಉಳಿಸು," ಅಂದರು. ಅಣ್ಣ ನನ್ನ ಮುಖ ನೋಡಿದ. ಹಾಡು ಅನ್ನುವ ಹಾಗಿತ್ತು ಆ ನೋಟ. ಅಷ್ಟರಲ್ಲಿ ಫಿಟ್ಟರಣ್ಣ ಎದ್ದು ಬಂದು ನನ್ನ ಮುಂದಿನ ಮೈಕನ್ನು ತನ್ನ ಕಡೆ ತಿರುಗಿಸಿಕೊಂಡ.

"ಪಿಚ್ಚರ್ ಹಾಡು ಇಲ್ಲ. ಪೋಸ್ಟರ್ ನಾವು ಬರಸಿಲ್ಲ. ಕೇಳೋರು ಕೇಳ್ರಿ, ಬ್ಯಾಡಾದೋರು ಮನಿಗೆ ಹೋಗ್ರಿ."

ಆಮೇಲೆ ಕುರ್ಚಿಗಳು ಸರಿದವು. ಎದ್ದು ಹೋಗುವವರು ಬೈದುಕೊಂಡೇ ಹೋದರು. ಹಾಲ್ ಹೆಚ್ಚುಕಡಿಮೆ ಖಾಲಿಯಾಯಿತು. ಅಲ್ಲೊಬ್ಬ ಇಲ್ಲೊಬ್ಬ ಉಳಿದರು, ಕೆಲವರು ತಮಾಷೆ ನೋಡಲು, ಕೆಲವರು ಫ್ಯಾನಿನ ಗಾಳಿಗೆ, ನಿಜಕ್ಕೂ ಕೇಳಲು ಎಷ್ಟು ಮಂದಿಯೋ ನನಗೆ ಗೊತ್ತಿಲ್ಲ.

ಅವರ ಮುಂದೆ ನುಡಿಸಿದೆವು. ಅಷ್ಟು ಚೆನ್ನಾಗಿ ನಾವು ಮಿಲ್ಲಿನಲ್ಲಿ ಕೂಡ ನುಡಿಸಿರಲಿಲ್ಲ. ಭಾಯ್ ಕಣ್ಣು ಮುಚ್ಚಿಕೊಂಡು ಊದುತ್ತಿದ್ದರು, ಕೊರಳ ನರ ಬಿಗಿದಿತ್ತು. ಹೋಗುವುದೆಲ್ಲ ಹೋಗಿತ್ತಲ್ಲ, ನನ್ನ ದನಿಗೂ ಯಾರ ಹಂಗೂ ಉಳಿದಿರಲಿಲ್ಲ. ಬರೀ ಊರುಗಳ ಹೆಸರಿನ ಆ ಹಾಡಿನ ನಡುವೆ, ನಾನು ಇನ್ನೂ ಕುರುಗೋಡು ದಾಟಿರಲಿಲ್ಲ, ಮೈಕ್ ಸತ್ತಿತು. ದೀಪ, ಫ್ಯಾನು, ಅಣ್ಣನ ಗಿಟಾರು ಎಲ್ಲ ಒಟ್ಟಿಗೆ ನಿಂತವು. ಪಕ್ಕಕ್ಕೆ ನೋಡಿದೆ. ಕಿಟಕಿಯಿಂದ ಬರುತ್ತಿದ್ದ ಸಂಜೆಯ ಬೆಳಕಿನಲ್ಲಿ, ಮೇನ್ ಸ್ವಿಚ್ಚಿನ ಹಿಡಿಕೆಯ ಮೇಲೆ ಇನ್ನೂ ಕೈ ಇಟ್ಟುಕೊಂಡು ಅಧ್ಯಕ್ಷರು ನಿಂತಿದ್ದರು.

"ಟೈಮ್ ಆತು," ಅಂದರು.

ಕ್ಲಾರಿನೆಟ್ಟಿಗೂ ಡೋಲಕ್ಕಿಗೂ ಕರೆಂಟು ಬೇಕಿಲ್ಲ. ಅವರಿಬ್ಬರು ನಿಲ್ಲಿಸಲಿಲ್ಲ, ನಾನೂ ಹಾಡಿದೆ. ನನ್ನ ದನಿ ಮೊದಲ ಸಾಲಿಗೂ ಮುಟ್ಟಿರಲಾರದು. ಅಣ್ಣ ಮಾತ್ರ ಆಗಲೇ ವೈರು ಸುತ್ತುತ್ತಿದ್ದ.

ಮರುದಿನದಿಂದ ಊರಿನಲ್ಲಿ ತಲೆ ಎತ್ತುವುದು ಕಷ್ಟವಾಯಿತು. ಅಪ್ಪನ ಅಂಗಡಿಗೆ ಬಂದವರು ನನ್ನನ್ನು ಅಣಕಿಸಿ ತೋರಿಸುತ್ತಿದ್ದರು. ಅಪ್ಪ ಬೈಯಲಿಲ್ಲ. "ಇನ್ನು ಸಾಕು," ಅಂದರು ಅಷ್ಟೇ. ಭಾಯ್‌ಗೆ ಆದದ್ದು ಹೆಚ್ಚು. ಬ್ಯಾಂಡು ನಡೆಯುತ್ತಿದ್ದುದೇ ಅಧ್ಯಕ್ಷರ ಬಳಗದವರ ದೊಡ್ಡ ಮದುವೆಗಳಿಂದ. ಬ್ಯಾಂಡ್ ಮಾಸ್ತರ ಅವರನ್ನು ಕರೆಯುವುದನ್ನು ನಿಲ್ಲಿಸಿದ. ಕೆಂಪು ಕೋಟನ್ನು ವಾಪಸು ಇಸಿದುಕೊಂಡನಂತೆ. ಭಾಯ್ ಗುಂತಕಲ್ಲಿಗೆ, ತಂಗಿಯ ಗಂಡನ ಹೋಟೆಲಿನಲ್ಲಿ ಕೆಲಸಕ್ಕೆ ಹೋದರು. ಹೋಗುವ ಮುಂಚೆ ನಮ್ಮ ಮನೆ ಬಾಗಿಲಿಗೆ ಬಂದು, ಒಳಗೆ ಬರದೆ, ಅವ್ವನ ಹತ್ತಿರ ನೀರು ಕೇಳಿ ಕುಡಿದು, ನನಗೆ "ಹಾಡ್ತಿರವ್ವ," ಅಂದರು. ನಾನು ಅವರನ್ನು ಮತ್ತೆ ನೋಡಲಿಲ್ಲ. ಸತ್ತ ಸುದ್ದಿಯೂ ಎಷ್ಟೋ ತಿಂಗಳ ಮೇಲೆ ಯಾರದೋ ಬಾಯಿಂದ ತಿಳಿಯಿತು.

ಅಣ್ಣ ಬೇರೆ ಪಾರ್ಟಿ ಕಟ್ಟಿದ. ಹೊಸಪೇಟೆಯ ಒಬ್ಬ ಹುಡುಗಿಯನ್ನು ಹಾಡಲು ಕರೆತಂದ. ಸಿನಿಮಾ ಹಾಡುಗಳೇ. ಆದರೆ ಆ ಟೇಪಿನ ಯಂತ್ರವನ್ನು ಬಿಡಲಿಲ್ಲ. ಹೆಸರಾಂತ ಹಾಡಿನ ಕೊನೆಯ ಸಾಲು ಹೋಗಿ ತಿರುಗಿ ಬಂದಾಗ ಜನ ಹುಚ್ಚೆದ್ದು ಸಿಳ್ಳೆ ಹಾಕುತ್ತಿದ್ದರಂತೆ. 'ಎಕೋ ಪಾರ್ಟಿ' ಅಂತಲೇ ಹೆಸರಾಯಿತು. ರಾಯಚೂರು, ಕೊಪ್ಪಳದವರು ಬಂದು ನೋಡಿಕೊಂಡು ಹೋಗಿ ಅಂಥದ್ದೇ ಮಾಡಿದರು. ನನ್ನನ್ನು ಬಾವಿಗೆ ಬಿದ್ದವಳು ಅಂದ ಅದೇ ಜನ, ಅದೇ ದನಿಗಾಗಿ ಟಿಕೆಟು ತೆಗೆಸಿ ಒಳಗೆ ಹೋಗುತ್ತಿದ್ದರು.

ನನಗೆ ಕುರುಗೋಡಿನಲ್ಲಿ ಪ್ರಾಥಮಿಕ ಶಾಲೆಯ ಟೀಚರ್ ಕೆಲಸ ಸಿಕ್ಕಿತು. ಮಕ್ಕಳಿಗೆ ಪದ್ಯ ಹೇಳಿಕೊಡುವಾಗ ಬಿಟ್ಟರೆ ಹಾಡು ನಿಂತಿತು. ಕ್ಯಾಸೆಟ್ಟುಗಳು ಎಲ್ಲ ಕಡೆ ಬಂದ ವರ್ಷಗಳು ಅವು. ಒಂದು ಸಂಜೆ ಬಳ್ಳಾರಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಕ್ಯಾಸೆಟ್ ಅಂಗಡಿಯ ಸ್ಪೀಕರಿನಲ್ಲಿ ಭಕ್ತಿಗೀತೆ ಶುರುವಾಯಿತು. 'ಬಿಸಲು' ಇದ್ದಲ್ಲಿ ಸ್ವಾಮಿ ಬಂದು ಬಾಗಿಲಲ್ಲಿ ನಿಂತಿದ್ದ. ಚಪ್ಪಲಿ ಹೋಗಿ ಪಾದಪೂಜೆ ಬಂದಿತ್ತು. ಉಳಿದದ್ದೆಲ್ಲ ನಮ್ಮದೇ. ಭಾಯ್ ಸೇರಿಸಿದ್ದ ಆ ಬಾಲವನ್ನು ಕೂಡ ಯಾರೋ ಕೊಳಲಿನಲ್ಲಿ ಊದಿದ್ದರು. ಬಸ್ಸು ಬಂತು, ಹೋಯಿತು, ನಾನು ಹತ್ತಲಿಲ್ಲ.

ಭಾನುವಾರ ಅಣ್ಣನ ಮನೆಗೆ ಹೋದೆ. ಅವನು ಮುಚ್ಚಿಡಲಿಲ್ಲ.

"ಕ್ಯಾಸೆಟ್‌ನೋರು ಟ್ಯೂನ್ ಕೇಳಿದ್ರು, ಕೊಟ್ಟೆ. ಏನಾತೀಗ? ಸುಮ್ನ ಕೊಳೀತಿತ್ತು."

"ಅದು ಫಿಟ್ಟರಣ್ಣಂದು."

"ಟ್ಯೂನ್ ಯಾರಪ್ಪಂದೂ ಅಲ್ಲ. ದೇವ್ರ ಹಾಡಾತು, ಪುಣ್ಯ ಬರ್ತೈತಿ."

ಅತ್ತಿಗೆ ಚಹಾ ತಂದಿಟ್ಟಳು. ಕುಡಿಯದೆ ಎದ್ದು ಬಂದೆ.

ಎಂಬತ್ತರ ದಶಕದ ಕೊನೆಗೆ ಬಳ್ಳಾರಿಯ ಕಾಲೇಜು ಹುಡುಗರಲ್ಲಿ ತಾವೇ ಹಾಡು ಕಟ್ಟುವ ಗಾಳಿ ಎದ್ದಿತು. ಇಬ್ಬರು ಹುಡುಗರು ನನ್ನನ್ನು ಹುಡುಕಿಕೊಂಡು ಶಾಲೆಗೇ ಬಂದರು. ಆ ಸಂಜೆಯೇ ತಮಗೆಲ್ಲ ಮೂಲವಂತೆ. "ನಮ್ಮಪ್ಪನೂ ಅವತ್ತು ಅಲ್ಲಿದ್ರು ಟೀಚರ್, ಇಡೀ ಹಾಲ್ ಎದ್ದು ನಿಂತಿತ್ತಂತಲ್ರಿ," ಅಂದ ಒಬ್ಬ. ಎದ್ದು ನಿಂತದ್ದು ಹೌದಪ್ಪ ಅಂದೆ. ಅಣ್ಣನಿಗೆ ಸನ್ಮಾನ ಇಟ್ಟುಕೊಂಡಿದ್ದರು. ಫಿಟ್ಟರಣ್ಣನ ವಿಷಯ ಅವರಿಗೆ ಗೊತ್ತೇ ಇರಲಿಲ್ಲ. ನಾನು ಹೇಳಿದ ಮೇಲೆ ಸಿರುಗುಪ್ಪಕ್ಕೆ ಹೋಗಿ ಕರೆದರು. ಬರುವುದಿಲ್ಲ ಅಂದನಂತೆ. ನಾನು ಹೋದೆ. ಹೋಗಬಾರದಿತ್ತೋ ಏನೋ, ಆದರೆ ಆ ಹುಡುಗರ ಮುಖದಲ್ಲಿ ಮೋಸವಿರಲಿಲ್ಲ.

ವೇದಿಕೆಯ ಮೇಲೆ ಅಣ್ಣನ ಪಕ್ಕದಲ್ಲಿ ಅಧ್ಯಕ್ಷರು ಕುಳಿತಿದ್ದರು. ತಲೆ ಬೆಳ್ಳಗಾಗಿತ್ತು. "ಈ ಪ್ರತಿಭೆಯನ್ನ ನಾನು ಅವತ್ತೇ ಗುರುತಿಸಿದ್ದೆ, ಅದಕ್ಕೇ ನಮ್ಮ ಹಾಲ್ ಕೊಟ್ಟೆ," ಅಂತ ಭಾಷಣ ಮಾಡಿದರು. ಚಪ್ಪಾಳೆ. ನನ್ನನ್ನು ಮೇಲೆ ಕರೆದು ಕೈಗೆ ಮೈಕ್ ಕೊಟ್ಟು ಎರಡು ಸಾಲು ಹಾಡಿ ಅಂದರು. ಹಾಡುವುದಿಲ್ಲ, ಮಾತಾಡುತ್ತೇನೆ ಅಂದೆ.

"ಅವತ್ತು ಅರ್ಧ ಹಾಡಿನಾಗ ಕರೆಂಟ್ ತೆಗೆದವ್ರು ಇವ್ರ," ಅಂತ ಅಧ್ಯಕ್ಷರ ಕಡೆ ಕೈ ತೋರಿಸಿದೆ.

ಇಡೀ ಹಾಲ್ ಗೊಳ್ಳೆಂದು ನಕ್ಕಿತು. ಟೀಚರ್ ತಮಾಷೆ ಮಾಡುತ್ತಾರೆ ಅಂದುಕೊಂಡರು. ಅಧ್ಯಕ್ಷರು ಎಲ್ಲರಿಗಿಂತ ಜೋರಾಗಿ ನಕ್ಕು ಕೈಮುಗಿದರು. ನಾನು ನಗು ನಿಲ್ಲಲಿ ಅಂತ ಕಾಯದೆ ಹಾಡು ಕಟ್ಟಿದವನ ಹೆಸರು ಹೇಳಿದೆ, ಕ್ಲಾರಿನೆಟ್ ಊದಿದವರ ಹೆಸರು ಹೇಳಿದೆ, ಅವರ ಬ್ಯಾಂಡಿನ ಕೆಲಸ ಹೋದದ್ದನ್ನೂ ಹೇಳಿದೆ. ಅಷ್ಟರಲ್ಲಿ ಯಾರೋ ಹಾರ ತಂದು ನನ್ನ ಕೊರಳಿಗೆ ಹಾಕಿದರು, ಫೋಟೋದವನು ಮುಂದೆ ಬಂದ.

ಹೊರಗೆ ಅಣ್ಣ ನನ್ನ ಹಿಂದೆಯೇ ಬಂದ. "ಯಾಕ್ ಹಂಗಂದಿ ನೀನು?"

"ಸುಳ್ಳೇನು?"

"ಸುಳ್ಳಲ್ಲ. ಆದ್ರ ಈಗ್ಯಾಕ ಅದು?" ಅಂದವನು, ಒಳಗಿನಿಂದ ಯಾರೋ ಕರೆದದ್ದಕ್ಕೆ ಶಾಲು ಸರಿಮಾಡಿಕೊಂಡು ಹಿಂದಕ್ಕೆ ಹೋದ.

ಮುಂದಿನ ಭಾನುವಾರ ಸಿರುಗುಪ್ಪಕ್ಕೆ ಹೋಗಿ ಫಿಟ್ಟರಣ್ಣನಿಗೆ ಎಲ್ಲ ಹೇಳಿದೆ. ಅಧ್ಯಕ್ಷರ ಭಾಷಣ ಹೇಳಿದಾಗ ಅವನ ಮುಖ ಬದಲಾಗಲಿಲ್ಲ. ಅಣ್ಣನ ಮಾತಿಗೂ ಇಲ್ಲ.

"ಭಾಯಿ ಹೆಸ್ರು ಹೇಳಿದಿ?"

"ಹೇಳಿದೆ."

"ಏನಂದ್ರು?"

"ನಗಾಕತ್ತಿದ್ರು."

ಅವನು ಒಳಗಿದ್ದ ಹೆಂಡತಿಗೆ, "ತಂಗಿಗೆ ರೊಟ್ಟಿ ಬಡಿ, ದೂರದಿಂದ ಬಂದಾಳ," ಅಂದ.